ದೃಷ್ಟಿ ತೆಗೆಯುವ ಸಾಮಾನು: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಮಗುವಿಗೆ ಕಣ್ಣಾಸರ ಆಯಿತು, ಹೊಸ ಮನೆಗೆ ದೃಷ್ಟಿ ಬಿತ್ತು ಅಂದ ಕೂಡಲೇ ಈಗ ಫೋನಿನಲ್ಲಿ 'ದೃಷ್ಟಿ ಕಿಟ್' ತರಿಸುವ ಅಭ್ಯಾಸ ಆಗಿಬಿಟ್ಟಿದೆ. ಬಿಚ್ಚಿ ನೋಡಿದರೆ ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ, ಪಟಿಕದ ಚೂರು, ಕರಿ ದಾರ. ಇದಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ. ಅರ್ಧ ಸಾಮಾನು ಅಡುಗೆಮನೆಯಲ್ಲೇ ಇರುತ್ತೆ, ಉಳಿದದ್ದು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಸುತ್ತಮುತ್ತ, ಗಾಂಧಿಬಜಾರು, ಮಲ್ಲೇಶ್ವರ, ಎಲ್ಲಿ ಪೂಜೆ ಸಾಮಾನು, ನಾಟಿ ಔಷಧಿ ಮಾರುವ ಗ್ರಂಧಿಗೆ ಅಂಗಡಿ ಇದೆಯೋ ಅಲ್ಲಿ ಐವತ್ತು, ನೂರು ಗ್ರಾಂ ಲೆಕ್ಕದಲ್ಲಿ ಸಿಗುತ್ತೆ. ಸಾಮಾನು ಸರಿ ಇದ್ದು, ತಾಜಾ ಇದ್ದರೆ ಸಾಕು.

ಮೊದಲು ಕೆಂಪು ನೀರಿನ ಆರತಿ. ಅಗಲವಾದ ತಟ್ಟೆಯಲ್ಲಿ ಒಂದು ಲೋಟ ನೀರು, ಅರ್ಧ ಚಮಚ ಅರಿಶಿನ, ಎಲೆಅಡಿಕೆಗೆ ಹಚ್ಚುವ ಸುಣ್ಣ ಕಡಲೆಕಾಳಿನಷ್ಟು. ಕದಡಿದ ತಕ್ಷಣ ಹಳದಿ ಹೋಗಿ ಕೆಂಪು ತಿರುಗಬೇಕು. ತಿರುಗಲಿಲ್ಲ ಅಂದರೆ ಹೆಚ್ಚಿನ ಸಲ ತಪ್ಪು ಸುಣ್ಣದ್ದು. ಡಬ್ಬಿ ತೆರೆದಿಟ್ಟರೆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಬರೀ ಸೀಮೆಸುಣ್ಣದಂಥ ಪುಡಿ ಆಗುತ್ತೆ, ಅದರ ಖಾರ ಹೋಗಿರುತ್ತೆ. ಅದಕ್ಕೇ ಸುಣ್ಣದ ಮೇಲೆ ಯಾವಾಗಲೂ ಒಂದು ಬೆರಳು ನೀರು ನಿಂತಿರಬೇಕು. ಸುಣ್ಣ ಚೆನ್ನಾಗಿದ್ದೂ ಬಣ್ಣ ಮಂಕಾಗಿದ್ದರೆ ಅರಿಶಿನದಲ್ಲಿ ಹಿಟ್ಟು ಬೆರೆತಿದೆ ಅಂತ ತಿಳಿಯಿರಿ. ಕೊಂಬು ತಂದು ಕುಟ್ಟಿಸಿಕೊಂಡರೆ ಆ ಚಿಂತೆ ಇಲ್ಲ. ಕೆಲವರು ಸುಣ್ಣದ ಬದಲು ಅಂಗಡಿ ಕುಂಕುಮ ಕಲಸುತ್ತಾರೆ. ಅದರಲ್ಲಿ ಬಣ್ಣ ಬೆರೆತಿದ್ದರೆ ನೆಲದ ಮೇಲಿನ ಕಲೆ ಬೇಗ ಹೋಗಲ್ಲ. ಅದೇ ನೀರಿಗೆ ನಿಂಬೆರಸ ಬಿದ್ದರೆ ಕೆಂಪು ಮತ್ತೆ ಹಳದಿಗೇ ಹೋಗುತ್ತೆ, ಹಾಗಾಗಿ ನಿಂಬೆಹಣ್ಣು ಕುಯ್ದ ಚಾಕು, ಕೈ ಹತ್ತಿರ ತರಬೇಡಿ. ಮಧ್ಯದಲ್ಲಿ ವೀಳ್ಯದೆಲೆ ತೇಲಿಬಿಟ್ಟು ಅದರ ಮೇಲೆ ಒಂದು ಬಿಲ್ಲೆ ಕರ್ಪೂರ ಹಚ್ಚಿ ಮೂರು ಸುತ್ತು ನಿವಾಳಿಸಿ. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಉರಿಯುತ್ತೆ, ಮಗು ತಟ್ಟೆಗೆ ಕೈಹಾಕದಷ್ಟು ದೂರ ಇರಲಿ. ಅಪಾರ್ಟ್‌ಮೆಂಟಿನಲ್ಲಿರುವವರು ಮೆಟ್ಟಿಲ ಮೇಲಾಗಲಿ ಲಿಫ್ಟಿನ ಮುಂದಾಗಲಿ ಚೆಲ್ಲಬೇಡಿ, ಮೋರಿಗೆ ಬಿಟ್ಟು ಒಂದು ಚೊಂಬು ನೀರು ಹಾಕಿಬಿಡಿ.

ಇನ್ನು ಕಾಡಿಗೆ. ಇದಕ್ಕೆ ಒಂದು ಸಂಜೆ ಬೇಕು, ಆದರೆ ಮನೆಯದ್ದಕ್ಕೆ ಸಮ ಇನ್ನೊಂದಿಲ್ಲ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಶುದ್ಧ ಹತ್ತಿ ಬಟ್ಟೆಯ ಚೂರನ್ನು ಅದ್ದಿ ನೆರಳಲ್ಲಿ ಒಣಗಿಸಿ, ಹೀಗೇ ಮೂರು ಸಲ ಮಾಡಿ ಬತ್ತಿ ಹೊಸೆಯಿರಿ. ಬಟ್ಟೆಯಲ್ಲಿ ಪಾಲಿಸ್ಟರ್ ಎಳೆ ಇದ್ದರೆ ಅದು ಕರಗಿ ಅಂಟಿಕೊಂಡು ಮಸಿ ಕೆಡುತ್ತೆ. ಮಣ್ಣಿನ ಹಣತೆಗೆ ಎರಡು ಚಮಚ ಹರಳೆಣ್ಣೆ ಹಾಕಿ, ಎರಡೂ ಕಡೆ ಒಂದೇ ಎತ್ತರದ ಸ್ಟೀಲ್ ಲೋಟ ಇಟ್ಟು, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ. ಜ್ವಾಲೆಯ ತುದಿ ತಟ್ಟೆಗೆ ತಾಕಿಯೂ ತಾಕದ ಹಾಗಿರಬೇಕು, ಎಲ್ಲಾ ಗುಟ್ಟು ಇಲ್ಲೇ ಇದೆ. ತಟ್ಟೆ ತುಂಬ ಮೇಲಿದ್ದರೆ ಮಸಿಯೆಲ್ಲ ಗಾಳಿಗೆ ಹೋಗುತ್ತೆ. ಒತ್ತಿಕೊಂಡಿದ್ದರೆ ದೀಪ ಆರುತ್ತೆ. ಫ್ಯಾನ್ ಆರಿಸಿ, ದೀಪವನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಎಣ್ಣೆ ಮುಗಿದು ತಟ್ಟೆ ಪೂರ್ತಿ ಆರಿದ ಮೇಲೆ ಚಮಚದ ಅಂಚಿನಲ್ಲಿ ಕೆರೆದರೆ ವೆಲ್ವೆಟ್ಟಿನಂಥ ಮಸಿ ಬರುತ್ತೆ. ಅದಕ್ಕೆ ಹರಳೆಣ್ಣೆ ಒಂದೊಂದೇ ಹನಿ ಬಿಟ್ಟು ತೀಡಿ. ಜಾಸ್ತಿಯಾದರೆ ಕೆನ್ನೆ ಮೇಲೆ ಇಳಿಯುತ್ತೆ. ತುಪ್ಪದಲ್ಲೂ ಕಲಸುತ್ತಾರೆ, ಆದರೆ ಬೇಗ ಕಮಟು ಬರುತ್ತೆ. ಡಬ್ಬಿಯೊಳಗೆ ನೀರಿನ ಹನಿ ಬೀಳಬಾರದು.

ಒಂದು ಮಾತು ಖಡಾಖಂಡಿತ: ಎಳೆಗೂಸಿಗೆ ಕಾಡಿಗೆಯನ್ನು ಕಣ್ಣಿನೊಳಗೆ ಹಚ್ಚಬೇಡಿ. ಬೆರಳಿನ ಕೊಳೆಯಿಂದ ಸೋಂಕಾಗುತ್ತೆ, ಕಣ್ಣೀರಿನ ನಾಳ ಕಟ್ಟಿಕೊಳ್ಳಬಹುದು. ದೃಷ್ಟಿಬೊಟ್ಟಿಗೆ ಕೆನ್ನೆ, ಅಂಗಾಲು ಸಾಕು. ಬಿಡಿಯಾಗಿ ಮಾರುವ ಸುರ್ಮಾದಲ್ಲಿ ಸೀಸ ಇರುವುದುಂಟು, ಅದನ್ನಂತೂ ಮನೆಗೇ ತರಬೇಡಿ.

ಉಪ್ಪು ಮೆಣಸಿನಕಾಯಿ ನಿವಾಳಿಸುವುದಕ್ಕೆ ಹರಳುಪ್ಪೇ ಬೇಕು. ಹರಳಿನೊಳಗೆ ಸಿಕ್ಕಿಕೊಂಡ ನೀರು ಕೆಂಡದ ಕಾವಿಗೆ ಆವಿಯಾಗಿ ಹರಳು ಸಿಡಿಯುತ್ತೆ, ಆ ಚಟಪಟ ಪುಡಿಉಪ್ಪಿನಲ್ಲಿ ಬರುವುದಿಲ್ಲ. ಒಂದು ಹಿಡಿ ಉಪ್ಪು, ಮೂರು ಒಣಮೆಣಸಿನಕಾಯಿ, ಒಂದು ಚಿಟಿಕೆ ಸಾಸಿವೆ. ಘಾಟು ಬರಲಿಲ್ಲ, ಅಂದರೆ ದೃಷ್ಟಿ ಇತ್ತು ಅನ್ನುತ್ತಾರೆ; ಆದರೆ ಬ್ಯಾಡಗಿ ಹಾಕಿದರೆ ಘಾಟು ಹೇಗೂ ಕಮ್ಮಿ, ಗುಂಟೂರು ಹಾಕಿದರೆ ಮನೆಯೆಲ್ಲ ಕೆಮ್ಮು. ಎರಡೂ ಮನೆಯಲ್ಲಿದ್ದರೆ ಬ್ಯಾಡಗಿಯನ್ನೇ ಆರಿಸಿ, ಬಾಲ್ಕನಿಯಲ್ಲಿ ಮಾಡಿ. ಉಬ್ಬಸ ಇರುವ ಮಗು ಇದ್ದರೆ ಬೆಂಕಿಗೇ ಹಾಕಬೇಡಿ, ನಿವಾಳಿಸಿ ನೀರಿಗೆ ಹಾಕಿದರೆ ಆಯಿತು.

ಕೆಂಡಕ್ಕೆ ಇದ್ದಿಲು ಹುಡುಕಬೇಕಾಗಿಲ್ಲ. ಒಣಗಿದ ತೆಂಗಿನ ಚಿಪ್ಪಿನ ಎರಡು ಚೂರನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿ. ಅದು ಭಗ್ಗನೆ ಹೊತ್ತಿಕೊಳ್ಳುತ್ತೆ, ಧೂಪದ ಬಟ್ಟಲಿಗೆ ಹಾಕಿ ಜ್ವಾಲೆ ಅಡಗುವವರೆಗೆ ಕಾಯಿರಿ. ಜ್ವಾಲೆ ಇರುವಾಗಲೇ ಸಾಂಬ್ರಾಣಿ ಉದುರಿಸಿದರೆ ಅದೂ ಹೊತ್ತಿ ಕರಿಹೊಗೆ ಬರುತ್ತೆ, ಪರಿಮಳ ಬರಲ್ಲ. ಮಣ್ಣಿನ ಬಟ್ಟಲು ಬೆನ್ಸನ್ ಟೌನ್ ಹತ್ತಿರದ ಪಾಟರಿ ಟೌನಿನಲ್ಲಿ ಸಿಗುತ್ತೆ. ತಳಕ್ಕೆ ಎರಡು ಬೆರಳು ಮರಳು ಹಾಕದಿದ್ದರೆ ಬಿರುಕು ಬಿಡುತ್ತೆ. ಸಾಂಬ್ರಾಣಿಯನ್ನು ಪುಡಿ ಕೊಳ್ಳಬೇಡಿ, ಗಟ್ಟಿ ತಂದು ಕುಟ್ಟಿಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಅದೇ ಕೆಂಡಕ್ಕೆ ಪಟಿಕ ಹಾಕಿದರೆ ಕರಗಿ, ಕುದಿದು, ಬೆಳ್ಳಗೆ ಹುರಿಯಕ್ಕಿ ಉಬ್ಬಿದಂತೆ ಉಬ್ಬುತ್ತೆ. ಒಳಗಿನ ನೀರಿನಂಶ ಹೊರಟುಹೋಗುವುದರಿಂದ ಹಾಗೆ. ಆ ಆಕಾರ ನೋಡಿ ಇಂಥವರ ಕಣ್ಣೇ ಬಿದ್ದಿದೆ ಅಂತ ನೆರೆಯವರ ಹೆಸರು ಹೇಳುವವರನ್ನು ಬಾಗಿಲಿಗೇ ಸೇರಿಸಬೇಡಿ. ಅಲ್ಲಿಂದಲೇ ಮಾಟ ತೆಗೆಯುತ್ತೇವೆ ಅನ್ನುವ ವ್ಯಾಪಾರ ಶುರುವಾಗುವುದು. ಮಾಟಮಂತ್ರದ ಹೆಸರಿನ ಅಮಾನುಷ ಪದ್ಧತಿಗಳನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ, 2020ರ ಜನವರಿಯಿಂದ ಜಾರಿಯಲ್ಲಿದೆ. ಮತ್ತೆ, ಮಗುವಿಗೆ ಜ್ವರ ಇದ್ದರೆ ಮೊದಲು ಡಾಕ್ಟರು, ದೃಷ್ಟಿ ಆಮೇಲೆ ತೆಗೆಯಬಹುದು.

ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಲು ದಬ್ಬಳ, ಹತ್ತಿ ದಾರ ಸಾಕು. ತಂತಿ ಬೇಡ, ರಸಕ್ಕೆ ತುಕ್ಕು ಹಿಡಿಯುತ್ತೆ.

ಬಾಗಿಲಿಗೆ ಕಟ್ಟುವ ಬೂದುಗುಂಬಳ ಆರಿಸುವಾಗ ತೊಟ್ಟು ಗಟ್ಟಿಯಾಗಿ ಅಂಟಿರಬೇಕು, ಮೈ ಮೇಲೆ ಬೂದಿ ತುಂಬಿರಬೇಕು. ಅದನ್ನು ತೊಳೆಯಬಾರದು, ಬೂದಿ ಹೋದರೆ ಕಾಯಿ ಬೇಗ ಕೊಳೆಯುತ್ತೆ. ತೊಟ್ಟಿಗೆ ದಾರ ಕಟ್ಟಿ ನೇತುಹಾಕಬೇಡಿ, ಭಾರಕ್ಕೆ ಕಿತ್ತು ತಲೆ ಮೇಲೆ ಬೀಳುತ್ತೆ, ನೆಲುವಿನಲ್ಲಿ ಕೂರಿಸಿ. ಎರಡು ಕೆ.ಜಿ. ಒಳಗಿನದು ಸಾಕು. ತೊಟ್ಟಿನ ಸುತ್ತ ಮೆತ್ತಗಾದರೆ ಮುಂದಿನ ಅಮಾವಾಸ್ಯೆಗೆ ಕಾಯದೆ ಅವತ್ತೇ ಇಳಿಸಿ, ಇಲ್ಲದಿದ್ದರೆ ಒಳಗೆ ನೀರಾಗಿ ಒಡೆಯುತ್ತೆ. ಆಯುಧಪೂಜೆ ದಿನ ಗಾಡಿ ಮುಂದೆ ಒಡೆಯುವವರು ಹೋಳುಗಳನ್ನು ರಸ್ತೆಯ ಮಧ್ಯದಲ್ಲೇ ಬಿಟ್ಟು ಹೋಗಬೇಡಿ, ಸ್ಕೂಟರಿನವರು ಜಾರಿ ಬೀಳುತ್ತಾರೆ. ಒಡೆದವರೇ ಬಾಚಿ ಹಸಿ ಕಸಕ್ಕೆ ಹಾಕಿ, ಒಳಗೆ ನಾಣ್ಯ ಇಟ್ಟಿದ್ದರೆ ಅದನ್ನು ಮೊದಲು ತೆಗೆದಿಡಿ.