ಏಳನೇ ತಿಂಗಳಲ್ಲೇ ಕವರು ಬಿಚ್ಚಿ ನೋಡುತ್ತೇನೆ

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟಗಳಲ್ಲಿ ನಾನು ಆಶಾ ಕಾರ್ಯಕರ್ತೆ. ನನ್ನ ಭಾಗದಲ್ಲಿ ಇರುವುದು ಜಾಸ್ತಿ ಲೈನ್ ಮನೆಗಳೇ, ಅಂದರೆ ತೋಟದ ಕೂಲಿಯವರು ಇರುವ ಸಾಲು ಮನೆಗಳು. ಯರವ, ಜೇನು ಕುರುಬ ಬುಡಕಟ್ಟಿನವರು, ತಮಿಳು ಮಾತಾಡುವವರು, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಯಾವ ಮನೆಗೆ ಹೋದರೂ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ತಾಯಿ ಕಾರ್ಡು ಎಲ್ಲ ಅದರೊಳಗೆ. ಮಳೆಗಾಲದಲ್ಲಿ ಬಿಚ್ಚಿದರೆ ಮುಗ್ಗಲು ವಾಸನೆ.

ಆ ಕವರನ್ನು ಮೊದಲೇ ನೋಡಿ, ಯಾವ ಆಸ್ಪತ್ರೆಗೆ ಹೋಗಬೇಕೆಂದು ಮಾತಾಡಿಕೊಳ್ಳದೆ ನಾನೊಂದು ತಪ್ಪು ಮಾಡಿದೆ. ಕಾಫಿ ಕೊಯ್ಲಿನ ಸಮಯ. ಚೊಚ್ಚಲ ಬಸುರಿಗೆ ರಾತ್ರಿ ನೋವು ಶುರುವಾಯಿತು. ಗಂಡ ಫೋನ್ ಮಾಡಿದ. 'ಅಕ್ಕ, ಖಾಸಗಿ ಆಸ್ಪತ್ರೆಗೆ ಹೋಗಿ ಅಂತಾರೆ. ಕಾರ್ಡು ನಡೆಯುತ್ತಾ?' 'ಬಿಪಿಎಲ್ ಇದೆಯಲ್ಲ, 5 ಲಕ್ಷದವರೆಗೆ ಸರ್ಕಾರ ಕೊಡುತ್ತೆ, ಹೋಗಿ' ಅಂದುಬಿಟ್ಟೆ. ಅಲ್ಲಿ ಅಡ್ವಾನ್ಸ್ ಕಟ್ಟಿ ಎಂದರು. ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೇ ಇರಲಿಲ್ಲ. ಬೆಳಿಗ್ಗೆ ಅವನು ತೋಟದಲ್ಲಿ ಮುಂಗಡ ತೆಗೆದುಕೊಂಡ. ತಾಯಿ, ಮಗು ಚೆನ್ನಾಗಿದ್ದರು. ಆದರೆ ಆ ಮುಂಗಡ ತೀರುವಷ್ಟರಲ್ಲಿ ಮಗು ಓಡಾಡಲು ಕಲಿತಿತ್ತು. ಆ ಮನೆಯ ಮುಂದೆ ಹೋಗುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ 2018ರಲ್ಲಿ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂಬುದು ನಿಜ. ಆದರೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಅದು ಯೋಜನೆಯಲ್ಲಿ ನೋಂದಾಯಿಸಿರಬೇಕು, ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಇದನ್ನು ನಡುರಾತ್ರಿ ನೋವು ತಿನ್ನುವವಳ ಮನೆಯವರಿಗೆ ಹೇಳಿ ಪ್ರಯೋಜನವಿಲ್ಲ.

ಅಲ್ಲಿಂದ ಮುಂದೆ ನಾನೊಂದು ರೂಢಿ ಮಾಡಿಕೊಂಡೆ. ಏಳನೇ ತಿಂಗಳು ಬಿದ್ದ ಕೂಡಲೇ ಭಾನುವಾರ ಅವರ ಮನೆಗೆ ಹೋಗಿ ಚಾಪೆಯ ಮೇಲೆ ಕವರು ಸುರಿಸುತ್ತೇನೆ. ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ಹೆಸರು ಓದುತ್ತೇನೆ. ಒಬ್ಬಳದ್ದು ರೇಷನ್ ಕಾರ್ಡಿನಲ್ಲಿ ಚೋಮಿ, ಆಧಾರಿನಲ್ಲಿ ಸೋಮಿ. ಒಂದೇ ಅಕ್ಷರ. ಅದನ್ನು ಸರಿ ಮಾಡಿಸಲು ಮೂರು ಸಲ ಓಡಾಡಿದೆವು, ಅಂದರೆ ಅವಳಿಗೆ ಮೂರು ದಿನದ ಕೂಲಿ ಹೋಯಿತು. ಇನ್ನೊಬ್ಬಳು ಮದುವೆಯಾಗಿ ಎರಡು ವರ್ಷ ಆಗಿದ್ದರೂ ಹೆಸರು ಮಾತ್ರ ತವರಿನ ರೇಷನ್ ಕಾರ್ಡಿನಲ್ಲೇ ಇತ್ತು. ಪಾಸ್‌ಬುಕ್ಕು ಎಲ್ಲರ ಹತ್ತಿರ ಇರುತ್ತದೆ, ಆದರೆ ಖಾತೆಗೆ ಆಧಾರ್ ಜೋಡಿಸಿರುವುದಿಲ್ಲ. ಹಳ್ಳಿಯವರ ಆಸ್ಪತ್ರೆ ಹೆರಿಗೆಗೆ ಜನನಿ ಸುರಕ್ಷಾ ಯೋಜನೆಯ 700 ರೂಪಾಯಿ, ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಎರಡೂ ಖಾತೆಗೇ ಬರಬೇಕು. ಖಾತೆ ಸರಿಯಿಲ್ಲದಿದ್ದರೆ ದುಡ್ಡು ಎಲ್ಲೋ ನಿಂತುಹೋಗುತ್ತದೆ.

ನನಗೆ ತುಂಬಾ ಬೇಜಾರಾಗುವುದು ಇನ್ನೊಂದು ವಿಚಾರಕ್ಕೆ. 'ಕಾರ್ಡಿಲ್ಲ, ಆಸ್ಪತ್ರೆಗೆ ಹೇಗೆ ಬರೋದು' ಎಂದು ಮನೆಯಲ್ಲೇ ಕೂರುವವರಿದ್ದಾರೆ. ಅಸ್ಸಾಮಿನ ಹುಡುಗಿಯೊಬ್ಬಳು ಐದನೇ ತಿಂಗಳವರೆಗೂ ಬಸುರಿ ಎಂದೇ ಹೇಳಿರಲಿಲ್ಲ. ಇಲ್ಲಿಯ ರೇಷನ್ ಕಾರ್ಡು ಇಲ್ಲ ಎಂಬ ಹೆದರಿಕೆ ಅವಳಿಗೆ. ಅವಳಿಗೆ ಕನ್ನಡ ಬಾರದು, ಹಾಗಾಗಿ ಗಂಡನ ಕೈಯಲ್ಲಿ ಹೇಳಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ, ಅದಕ್ಕೆ ಬಿಪಿಎಲ್ ಕಾರ್ಡೂ ಬೇಡ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಸೇರಿಯನ್, ರಕ್ತ, ಔಷಧಿ, ಪರೀಕ್ಷೆ, ಮಾಮೂಲಿ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟ ಎಲ್ಲವೂ ಉಚಿತ. ಇದು ವಿಮೆಯಲ್ಲ, ಹಕ್ಕು. ವಿಮೆ ಕಾರ್ಡಿನ ಮಾತು ಎಲ್ಲರ ಬಾಯಲ್ಲೂ ಇದೆ, ಈ ಹಕ್ಕಿನ ಮಾತು ಮಾತ್ರ ಲೈನ್ ಮನೆಯವರೆಗೆ ಬಂದಿಲ್ಲ. ಆ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿತ್ತು. 11 ಇರಬೇಕಾದದ್ದು. ಇನ್ನೆರಡು ತಿಂಗಳು ಸುಮ್ನೆ ಇದ್ದಿದ್ದರೆ ಏನಾಗುತ್ತಿತ್ತೋ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಈಗ ಪ್ರತಿ ತಿಂಗಳು 9ನೇ ತಾರೀಖಿನ ತಪಾಸಣೆಗೆ ಅವಳೇ ಬೇರೆಯವರನ್ನು ಕರೆದುಕೊಂಡು ಬರುತ್ತಾಳೆ.

ತೋಟದ ಲೆಕ್ಕ ಬರೆಯುವ ರೈಟರು, ಸಣ್ಣ ಬೆಳೆಗಾರರು ಕೇಳುವುದು ಬೇರೆ ಪ್ರಶ್ನೆ. ವಿಮಾ ಕಂಪನಿಯಿಂದ ಆರೋಗ್ಯ ವಿಮೆ ಮಾಡಿಸಲಾ ಅಂತ. ಎಷ್ಟೋ ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಸೇರಿರುವುದೇ ಇಲ್ಲ. ಸೇರಿದ್ದರೂ ಕೆಲವು ತಿಂಗಳಿಂದ ಕೆಲವು ವರ್ಷದವರೆಗೆ ಕಾಯಬೇಕು. ಬಸುರಿಯಾದ ಮೇಲೆ ಮಾಡಿಸಿದರೆ ಸಾಮಾನ್ಯವಾಗಿ ಆ ಹೆರಿಗೆಗೆ ಸಿಗುವುದಿಲ್ಲ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ಸಂಘದಲ್ಲೇ ಕೇಳಿ ಎನ್ನುತ್ತೇನೆ.

ಘಾನಾ ದೇಶದಲ್ಲಿ 2008ರಿಂದ ಗರ್ಭಿಣಿಯರು ಸರ್ಕಾರದ ಆರೋಗ್ಯ ವಿಮೆಗೆ ಕಂತು ಕಟ್ಟಬೇಕಿಲ್ಲ. ಆದರೂ ಅಲ್ಲಿಯ ದೂರದ ಹಳ್ಳಿಯವರಿಗೆ ಗಾಡಿ ಖರ್ಚೇ ಭಾರವಂತೆ. ಕೇಳಿದಾಗ ನಮ್ಮ ತೋಟದ ಮಾತೇ ಅನ್ನಿಸಿತು. 108 ಆಂಬುಲೆನ್ಸ್ ಮುಖ್ಯ ರಸ್ತೆಯವರೆಗೆ ಬರುತ್ತದೆ. ಅಲ್ಲಿಂದ ಒಳಗೆ ಮಣ್ಣಿನ ದಾರಿ, ರಾತ್ರಿಯಾದರೆ ಆನೆ. ಹಾಗಾಗಿ ಜೀಪಿನ ಡ್ರೈವರ್ ನಂಬರ್ ಒಂದಲ್ಲ, ಎರಡು ಬರೆದಿಡಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ದಾರಿಗಳು ಮುಚ್ಚಿದ್ದನ್ನು ನೋಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ ದಿನ ತುಂಬುವವರನ್ನು ಒಂದು ವಾರ ಮೊದಲೇ ಪೇಟೆಯ ನೆಂಟರ ಮನೆಗೆ ಕಳಿಸಲು ಒತ್ತಾಯ ಮಾಡುತ್ತೇನೆ. ನೆಂಟರಿಲ್ಲದವರನ್ನು ಆಸ್ಪತ್ರೆಗೇ ಮೊದಲು ಸೇರಿಸಿಕೊಳ್ಳಿ ಎಂದು ಸಿಸ್ಟರ್ ಹತ್ತಿರ ಕೇಳುತ್ತೇನೆ.

ಮೊನ್ನೆ ಒಂದು ಮನೆಯಲ್ಲಿ ಎಲ್ಲ ಕಾಗದವೂ ಸರಿ ಇತ್ತು. ಖಾತೆ ಸರಿ, ಜೀಪು ಸರಿ. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಅತ್ತೆ ಕೇಳಿದರು: 'ನಾನು ಆಸ್ಪತ್ರೆಯಲ್ಲಿ ಇವಳ ಜೊತೆ ಕೂತರೆ ನನ್ನ ಕೂಲಿ ಯಾರು ಕೊಡ್ತಾರೆ?' ಯಾವ ಕಾರ್ಡಿನಲ್ಲೂ ಅದಕ್ಕೆ ದುಡ್ಡಿಲ್ಲ. ಕೂತು ಮಾತಾಡಿದೆವು. ಅತ್ತೆ ಎರಡು ದಿನ, ನಾದಿನಿ ಎರಡು ದಿನ, ಮತ್ತೆ ತವರಿನಿಂದ ತಂಗಿ ಬರುತ್ತಾಳೆ ಎಂದು ಹಂಚಿಕೊಂಡರು. ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಒಳಗಿಟ್ಟೆ. ಅತ್ತೆ ಕವರು ಕಟ್ಟಿ ಮತ್ತೆ ಮೊಳೆಗೆ ನೇತುಹಾಕಿದರು.