ಆತಂಕದ ಮಾತ್ರೆಯೊಂದಿಗೆ ಮೊದಲ ತಿಂಗಳುಗಳು: ನನ್ನ ಅನುಭವ

ಆತಂಕದ ಕಾಯಿಲೆಗೂ ಖಿನ್ನತೆಯ ಮಾತ್ರೆಯನ್ನೇ ಕೊಡುತ್ತಾರೆ ಎಂಬುದು ಮನೋವೈದ್ಯರ ಬಳಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಅವರು ಬರೆದುಕೊಟ್ಟದ್ದು ಎಸ್ಸಿಟಾಲೋಪ್ರಾಮ್: ಆರಂಭದಲ್ಲಿ 5 ಮಿಲಿಗ್ರಾಂ, ದೇಹ ಒಗ್ಗಿದ ಮೇಲೆ 10. ಈ ಗುಂಪಿನ ಔಷಧಗಳಲ್ಲಿ ರೋಗಿಯನ್ನು ಹೆಚ್ಚು ಕಂಗೆಡಿಸುವುದು ಒಂದೇ ಸಂಗತಿ. ಅಡ್ಡಪರಿಣಾಮಗಳು ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ, ಗುಣವಾದರೋ ಹಲವು ವಾರ ಕಾಯಿಸುತ್ತದೆ. ವೈದ್ಯರು ಇದನ್ನು ಮೊದಲೇ ಬಿಡಿಸಿ ಹೇಳಿದ್ದರಿಂದಲೇ ನಾನು ಆ ನಡುವಿನ ಕಾಲವನ್ನು ದಾಟಿದೆ ಎಂದು ನಂಬಿದ್ದೇನೆ.

ಮೊದಲು ಬಂದದ್ದು ವಾಕರಿಕೆ. ದೇಹದಲ್ಲಿ ನರಗಳ ಸಂದೇಶ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ. ಹಾಗಾಗಿ ಅದರ ಮೇಲೆ ಕೆಲಸ ಮಾಡುವ ಮಾತ್ರೆ ಹೊಟ್ಟೆಯನ್ನೂ ಕಲಕುವುದು ಸಹಜ. ಬರಿಹೊಟ್ಟೆಯಲ್ಲಿ ನುಂಗುವುದನ್ನು ಬಿಟ್ಟು ತಿಂಡಿಯ ನಂತರ ತೆಗೆದುಕೊಳ್ಳತೊಡಗಿದೆ, ಎಣ್ಣೆಯ ಪದಾರ್ಥಗಳ ಬದಲು ಗಂಜಿ, ಮೊಸರನ್ನವನ್ನು ಸ್ವಲ್ಪ ಸ್ವಲ್ಪವಾಗಿ ಉಂಡೆ. ಎರಡನೆಯ ವಾರ ಮುಗಿಯುವ ಹೊತ್ತಿಗೆ ಅದು ತಾನಾಗಿಯೇ ತಗ್ಗಿತು. ರಾತ್ರಿ ನಿದ್ದೆ ಕೆಟ್ಟಾಗ ವೈದ್ಯರನ್ನು ಕೇಳಿ ಮಾತ್ರೆಯನ್ನು ಬೆಳಗಿನ ಹೊತ್ತಿಗೇ ನಿಗದಿ ಮಾಡಿಕೊಂಡೆ. ಇದೇ ಮಾತ್ರೆಯಿಂದ ತೂಕಡಿಕೆ ಬರುವವರಿಗೆ ರಾತ್ರಿಯೇ ಅನುಕೂಲ.

ನಿಜವಾಗಿ ಕಷ್ಟವಾದದ್ದು ಒಳಗಿನ ತಳಮಳ. ಈ ಔಷಧ ಆರಂಭದಲ್ಲಿ ಕೆಲವರ ಆತಂಕವನ್ನು ತುಸು ಹೆಚ್ಚಿಸುವುದುಂಟು. ಎದೆಬಡಿತವನ್ನು ಹಗಲಿರುಳು ಗಮನಿಸುತ್ತಲೇ ಇರುವ ನನ್ನಂಥವನಿಗೆ ಕೈ ಸಣ್ಣಗೆ ನಡುಗಿದರೂ ಅದು ಮಹಾ ಅಪಾಯದ ಸೂಚನೆಯಾಗಿಯೇ ತೋರುತ್ತಿತ್ತು. ಇಲ್ಲಿ ನನ್ನ ಕೈಹಿಡಿದದ್ದು ಮಾತ್ರೆ ಶುರುಮಾಡುವ ಮುನ್ನವೇ ಬರೆದಿಟ್ಟ ಒಂದು ಪಟ್ಟಿ. ಆಗ ನನಗಿದ್ದ ತೊಂದರೆಗಳನ್ನೆಲ್ಲ, ತಲೆಭಾರ, ಅಂಗೈ ಬೆವರು, ಬಾಯಿ ಒಣಗುವುದು, ನಸುಕಿನಲ್ಲೇ ಎಚ್ಚರವಾಗುವುದು, ಒಂದು ನೋಟ್‌ಪುಸ್ತಕದಲ್ಲಿ ಗುರುತಿಸಿದ್ದೆ. ಮುಂದೆ ಏನೇ ಕಾಣಿಸಿಕೊಂಡರೂ ಮೊದಲು ಆ ಪುಟವನ್ನು ನೋಡುತ್ತಿದ್ದೆ. ಮಾತ್ರೆಯ ತಲೆಗೆ ಕಟ್ಟಬಹುದಾಗಿದ್ದ ಎಷ್ಟೋ ತೊಂದರೆಗಳು ಕಾಯಿಲೆಯವೇ ಆಗಿದ್ದವು. ಆಕಳಿಕೆ, ವಾಕರಿಕೆ, ರಾತ್ರಿಯ ಬೆವರು ಮಾತ್ರ ಹೊಸವು. ಬೆಳಗಿನ ಎರಡನೆಯ ಲೋಟ ಕಾಫಿಯನ್ನು ಬಿಟ್ಟ ಮೇಲೆ ನಡುಕವೂ ಕಡಿಮೆಯಾಯಿತು. ಈ ಪುಸ್ತಕವನ್ನು ಪ್ರತಿ ಭೇಟಿಗೂ ಒಯ್ಯುತ್ತಿದ್ದುದರಿಂದ ವೈದ್ಯರಿಗೂ ಪ್ರಮಾಣ ನಿರ್ಧರಿಸುವುದು ಸುಲಭವಾಯಿತು.

ಜನ ಬಾಯಿಬಿಡದ ಅಡ್ಡಪರಿಣಾಮವೆಂದರೆ ಲೈಂಗಿಕ ಆಸಕ್ತಿ ಕುಗ್ಗುವುದು ಮತ್ತು ತೃಪ್ತಿ ತೀರ ತಡವಾಗುವುದು. ವಾಕರಿಕೆಯಂತೆ ಇದು ಕೆಲವೇ ವಾರಗಳಲ್ಲಿ ಹೋಗುತ್ತದೆಂಬ ಭರವಸೆಯಿಲ್ಲ, ಮತ್ತು ಗುಟ್ಟಾಗಿ ಮಾತ್ರೆ ಬಿಟ್ಟುಬಿಡಬೇಕೆಂಬ ಆಸೆ ಹುಟ್ಟುವುದೂ ಇಲ್ಲಿಯೇ. ನಾನು ಮೊದಲು ಹೆಂಡತಿಗೆ ಹೇಳಿದೆ. ತನ್ನ ಮೇಲೆ ನನಗೆ ಮನಸ್ಸಿಲ್ಲವೆಂದು ಅವಳು ಒಳಗೊಳಗೇ ನೊಂದಿದ್ದಳೆಂಬುದು ಆಗ ತಿಳಿಯಿತು. ಮುಂದಿನ ಭೇಟಿಯಲ್ಲಿ ಇಬ್ಬರೂ ಹೋಗಿ ವೈದ್ಯರ ಮುಂದೆ ಸಂಕೋಚವಿಲ್ಲದೆ ವಿಷಯ ತೆಗೆದೆವು. ಪ್ರಮಾಣ ತಗ್ಗಿಸುವುದು, ಬೇರೆ ಗುಂಪಿನ ಔಷಧಕ್ಕೆ ಬದಲಿಸುವುದು ಎಂಬ ದಾರಿಗಳನ್ನು ಅವರು ಮುಂದಿಟ್ಟರು. ಆತಂಕ ಹತೋಟಿಗೆ ಬಂದಿದ್ದರಿಂದ ನನ್ನ ಪ್ರಮಾಣವನ್ನು ಅವರೇ ತುಸು ಇಳಿಸಿದರು. ತೊಂದರೆ ಪೂರ್ತಿ ಹೋಗದಿದ್ದರೂ ಸಂಸಾರಕ್ಕೆ ಭಾರವಾಗದಷ್ಟಕ್ಕೆ ಬಂತು.

ಬಂಧುಗಳಲ್ಲಿ ಹಲವರು "ಇದು ನಿದ್ದೆ ಮಾತ್ರೆ, ಚಟ ಹಿಡಿಯುತ್ತದೆ" ಎಂದು ಹೆದರಿಸಿದರು. ಅಭ್ಯಾಸವಾಗಿಬಿಡುವ ಭಯ ಇರುವುದು ಮೊದಲ ವಾರಗಳಿಗೆಂದು ಕೆಲವೊಮ್ಮೆ ಜೊತೆಗೆ ಕೊಡುವ ಕ್ಲೊನಾಜೆಪಾಮ್‌ನಂಥ ಮಾತ್ರೆಗಳಿಗೆ. ಅವನ್ನು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಎಸ್ಸಿಟಾಲೋಪ್ರಾಮ್ ಹಾಗೆ ಚಟ ಹಿಡಿಸುವುದಿಲ್ಲ, ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ರಕ್ತದಲ್ಲಿ ಇದರ ಮಟ್ಟ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕಾದ್ದರಿಂದ ಒಂದು ದಿನ ಮರೆತರೆ ಗಾಬರಿಯಾಗಬೇಕಿಲ್ಲ, ಮರುದಿನ ಎರಡು ನುಂಗಲೂಬಾರದು. ಊರಿಗೆ ಹೊರಡುವಾಗ ಒಂದು ಪಟ್ಟಿ ಮಾತ್ರೆಯನ್ನು ಹೆಚ್ಚುವರಿಯಾಗಿ ಚೀಲದಲ್ಲಿ ಇಟ್ಟುಕೊಳ್ಳುವುದು ನನಗೆ ರೂಢಿಯಾಗಿದೆ.

ಆದರೆ ಎಲ್ಲವನ್ನೂ ಸಹಿಸಿಕೊಂಡು ಕೂರಬಾರದು. ಮೈಮೇಲೆ ದದ್ದು, ತೀವ್ರ ಚಡಪಡಿಕೆ, ಸಾಯಬೇಕೆಂಬ ಯೋಚನೆ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಮೊದಲ ವಾರಗಳಲ್ಲಿ ಅಂಥ ಯೋಚನೆಗಳ ಅಪಾಯ 25ಕ್ಕಿಂತ ಚಿಕ್ಕವರಲ್ಲಿ ಹೆಚ್ಚು ಎಂಬ ಎಚ್ಚರಿಕೆಯಿದೆ. ವೈದ್ಯರು ಸಿಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇನ್ನು ಮಂಡಿನೋವಿಗೋ ಹಲ್ಲುನೋವಿಗೋ ಔಷಧದ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುವುದರಿಂದ, ಯಾವ ವೈದ್ಯರ ಬಳಿಗೆ ಹೋದರೂ ನಾನು ಈ ಮಾತ್ರೆಯ ಚೀಟಿಯನ್ನು ಮೊದಲು ತೋರಿಸುತ್ತೇನೆ.