ಕಾಲ್ಬೆರಳಿಗೆ ಪೆಟ್ಟಾದಾಗ ಟೆಕ್ಸಾಸಿನಲ್ಲಿ ಯಾವ ಬಾಗಿಲಿಗೆ ಹೋಗಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಡಲ್ಲಾಸ್ ಸುತ್ತಮುತ್ತ ಬಂದು ನೆಲೆಸುವ ಹುಡುಗ ಹುಡುಗಿಯರಿಗೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಹೇಳಿಕೊಡುವ ಅಗತ್ಯವಿಲ್ಲ. ಆದರೆ ಮಂಚದ ಕಾಲಿಗೆ ಬೆರಳು ಬಡಿದು, ವಾರ ಕಳೆದರೂ ಬಾವು ಇಳಿಯದಿದ್ದಾಗ ಏನು ಮಾಡಬೇಕೆಂಬುದು ಬಹುತೇಕರಿಗೆ ತಿಳಿದಿರುವುದಿಲ್ಲ. ಕೆಲವರು ಖರ್ಚಿಗೆ ಹೆದರಿ ಸುಮ್ಮನಿರುತ್ತಾರೆ. ಇನ್ನು ಕೆಲವರು ಹೋಗಬಾರದ ಕಡೆ ಹೋಗಿ ಸಾವಿರಾರು ಡಾಲರ್ ಕಳೆದುಕೊಳ್ಳುತ್ತಾರೆ. ಹೊಸದಾಗಿ ಬಂದಾಗ ನಾನು ಬಿದ್ದ ಗುಂಡಿಗೇ ಪ್ರತಿ ವರ್ಷ ಯಾರಾದರೊಬ್ಬರು ಬೀಳುತ್ತಿರುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ವಿಜಯಪುರದಲ್ಲಾದರೆ ನೇರವಾಗಿ ಎಲುಬಿನ ಡಾಕ್ಟರ ಬಳಿ ಹೋಗುತ್ತೇವೆ. ಅವರು ಚೀಟಿ ಬರೆದುಕೊಡುತ್ತಾರೆ, ಪಕ್ಕದಲ್ಲೇ ಎಕ್ಸ್-ರೇ ಆಗುತ್ತದೆ, ಹೊತ್ತು ಮುಳುಗುವುದರೊಳಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿರುತ್ತೇವೆ. ಎಷ್ಟು ಹಣವಾಗುತ್ತದೆ ಎಂಬುದೂ ಮೊದಲೇ ಗೊತ್ತಿರುತ್ತದೆ. ಇಲ್ಲಿ ಹಲವು ವಿಮೆಗಳಲ್ಲಿ ಮೊದಲು ಕುಟುಂಬ ವೈದ್ಯರು ಬೇಕು, ಹೊಸ ರೋಗಿಗೆ ಅವರ ಸಮಯ ಸಿಗಲು ವಾರಗಳೇ ಹಿಡಿಯಬಹುದು, ಬಿಲ್ಲು ಬರುವುದು ತಿಂಗಳ ಮೇಲೆ. ಈ ಮಟ್ಟಿಗೆ ನಮ್ಮೂರಿನ ಪದ್ಧತಿಯೇ ಮೇಲೆಂದು ಧೈರ್ಯವಾಗಿ ಹೇಳುತ್ತೇನೆ. ಔಷಧದಂಗಡಿಯವನನ್ನೇ ಕೇಳಿ ಆ್ಯಂಟಿಬಯೋಟಿಕ್ ನುಂಗುವ ನಮ್ಮ ಚಾಳಿಗೆ ಮಾತ್ರ ಇಲ್ಲಿ ಆಸ್ಪದವಿಲ್ಲ, ಅದು ಒಳ್ಳೆಯದೇ.

ವೈದ್ಯರು ಬೇಕೋ ಬೇಡವೋ ಎಂಬ ತೀರ್ಮಾನ ಅಷ್ಟೇನೂ ಕಷ್ಟದ್ದಲ್ಲ. ಕಿರುಬೆರಳೋ ನಡುಬೆರಳೋ ನೊಂದಿದೆ, ನೆಟ್ಟಗೇ ಇದೆ, ಚರ್ಮ ಒಡೆದಿಲ್ಲ, ಕುಂಟುತ್ತಲಾದರೂ ನಡೆಯಲು ಬರುತ್ತದೆ ಎಂದಾದರೆ ಕೆಲವು ದಿನ ಕಾಯಬಹುದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿ ಇರಿಸುವುದು, ನಡುವೆ ಹತ್ತಿಯಿಟ್ಟು ಪಕ್ಕದ ಬೆರಳಿನೊಂದಿಗೆ ಟೇಪು ಸುತ್ತುವುದು, ಇಷ್ಟು ಸಾಕು. ಸಣ್ಣ ಬೆರಳುಗಳಲ್ಲಿ ಎಲುಬು ಬಿರುಕು ಬಿಟ್ಟಿದ್ದರೂ ಸಾಮಾನ್ಯವಾಗಿ ಚಿಕಿತ್ಸೆ ಇದೇ, ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ದಿನದಿಂದ ದಿನಕ್ಕೆ ನೋವು ಸ್ವಲ್ಪವಾದರೂ ಕಡಿಮೆಯಾಗುತ್ತಿದೆಯೇ ಎಂಬುದನ್ನು ಗಮನಿಸಿ. ಆಗುತ್ತಿಲ್ಲವಾದರೆ ತೋರಿಸಿ.

ಹೆಬ್ಬೆರಳಿನ ಮಾತು ಬೇರೆ. ದೇಹದ ಭಾರ ಹೊರುವ ಬೆರಳದು, ವಕ್ರವಾಗಿ ಕೂಡಿದರೆ ಮುಂದೆ ನಡಿಗೆಗೇ ತೊಂದರೆ. ಅದಕ್ಕೆ ಜೋರು ಪೆಟ್ಟಾಗಿ ಬಾವು ಬಂದಿದ್ದರೆ ಎಕ್ಸ್-ರೇ ಮಾಡಿಸಿಬಿಡಿ. ಉಗುರಿನ ಕೆಳಗೆ ರಕ್ತ ಕಟ್ಟಿ ನೋವು ಮಿಡಿಯುತ್ತಿದ್ದರೆ ಒಂದೆರಡು ದಿನದೊಳಗೆ ಹೋಗಬೇಕು, ಉಗುರಿಗೆ ಸಣ್ಣ ತೂತು ಮಾಡಿ ರಕ್ತ ಹೊರಬಿಡುತ್ತಾರೆ; ತಡವಾದರೆ ರಕ್ತ ಹೆಪ್ಪುಗಟ್ಟಿ ಅದರಿಂದ ಪ್ರಯೋಜನವಾಗುವುದಿಲ್ಲ. ಬೆರಳು ಸೊಟ್ಟಗಾಗಿದ್ದರೆ, ಮರಗಟ್ಟಿದ್ದರೆ, ಬಣ್ಣ ಬಿಳಿಚಿದ್ದರೆ, ಕೀವು ಅಥವಾ ಜ್ವರ ಬಂದಿದ್ದರೆ, ಕೆಂಪು ಪಾದದ ಕಡೆ ಹರಡುತ್ತಿದ್ದರೆ ಅದೇ ದಿನ ಹೋಗಿ. ಎಲುಬು ಕಾಣುವಂಥ ಗಾಯಕ್ಕೆ ಖರ್ಚಿನ ಯೋಚನೆ ಬೇಡವೇ ಬೇಡ, ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಮಣ್ಣು ಸೇರಿದ ಗಾಯವಾಗಿದ್ದು, ಟೆಟನಸ್ ಚುಚ್ಚುಮದ್ದು ಪಡೆದು ಐದು ವರ್ಷ ದಾಟಿದ್ದರೆ ಅದನ್ನೂ ಹಾಕಿಸಿಕೊಳ್ಳಬೇಕು.

ಇನ್ನು ದುಡ್ಡು ನುಂಗುವ ವಿಷಯ. ಟೆಕ್ಸಾಸಿನಲ್ಲಿ ದಿನಸಿ ಅಂಗಡಿಗಳ ಸಾಲಿನಲ್ಲೇ ಎರಡು ಬಗೆಯ ಚಿಕಿತ್ಸಾ ಕೇಂದ್ರಗಳಿರುತ್ತವೆ. ಒಂದು ಅರ್ಜೆಂಟ್ ಕೇರ್, ಅಂದರೆ ಜೀವಕ್ಕೆ ಅಪಾಯವಿಲ್ಲದ ಸಣ್ಣಪುಟ್ಟ ಪೆಟ್ಟು, ಕಾಯಿಲೆಗಳನ್ನು ನೋಡುವ ಕ್ಲಿನಿಕ್. ಇನ್ನೊಂದು, ಯಾವ ಆಸ್ಪತ್ರೆಯ ಕಟ್ಟಡಕ್ಕೂ ಅಂಟಿಕೊಳ್ಳದೆ ಒಂಟಿಯಾಗಿ ನಿಂತಿರುವ ಎಮರ್ಜೆನ್ಸಿ ರೂಮ್. ಇಂಥ ಒಂಟಿ ಎಮರ್ಜೆನ್ಸಿ ರೂಮುಗಳಿಗೆ ಪ್ರತ್ಯೇಕ ಪರವಾನಗಿ ಕೊಡುವ ಕಾನೂನನ್ನು ಟೆಕ್ಸಾಸ್ 2009ರಲ್ಲೇ ಮಾಡಿತು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದು: ಅದೇ ಗಾಜಿನ ಬಾಗಿಲು, ಅದೇ ನಗುಮುಖದ ಸ್ವಾಗತ. ಆದರೆ ಒಂದೇ ಬೆರಳಿಗೆ ಒಂದೇ ಎಕ್ಸ್-ರೇ ತೆಗೆದು, ಮೊದಲನೆಯದು ಕೆಲವು ನೂರು ಡಾಲರಿನಲ್ಲಿ ಮುಗಿಸಿದರೆ ಎರಡನೆಯದರ ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಹಗಲಿರುಳೂ ತುರ್ತು ಚಿಕಿತ್ಸೆಗೆ ಸಿದ್ಧವಾಗಿರುವುದಕ್ಕೆಂದು ಅವರು ಸೌಲಭ್ಯ ಶುಲ್ಕವನ್ನು ಬೇರೆಯಾಗಿ ಹಾಕುತ್ತಾರೆ. ವೈದ್ಯರದು ಇನ್ನೊಂದು ಬಿಲ್ಲು. ಎಕ್ಸ್-ರೇ ನೋಡಿ ವರದಿ ಬರೆದವರದು ಮತ್ತೊಂದು.

ಜಮಖಂಡಿಯ ಹುಡುಗನೊಬ್ಬ ಎರಡು ವಾರ ನೋವು ತಿಂದು, ಒಂದು ಶನಿವಾರ ರಾತ್ರಿ ಮನೆಗೆ ಹತ್ತಿರವಿದ್ದ ಅಂಥ ಕೇಂದ್ರಕ್ಕೆ ಹೋದ. ಎರಡು ವಾರ ತಡೆದ ನೋವು ಸೋಮವಾರದವರೆಗೆ ಖಂಡಿತ ತಡೆಯುತ್ತಿತ್ತು. ಕಿರುಬೆರಳಿನಲ್ಲಿ ಸಣ್ಣ ಬಿರುಕಿದೆ ಎಂದು ಹೇಳಿ ಟೇಪು ಸುತ್ತಿ ಕಳಿಸಿದರು. ಅವನ ವಿಮೆಯಲ್ಲಿ ವರ್ಷದ ಮೊದಲ ಕೆಲವು ಸಾವಿರ ಡಾಲರನ್ನು ಅವನೇ ಭರಿಸಬೇಕಿತ್ತು. ಹಾಗಾಗಿ ಬಂದ ಬಿಲ್ಲೆಲ್ಲ ಅವನ ಜೇಬಿನಿಂದಲೇ ಹೋಯಿತು. ಅಮ್ಮನಿಗೆ ಕಳಿಸಲೆಂದು ಕೂಡಿಟ್ಟಿದ್ದ ಹಣ ಅದು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್ ಕಾಪಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ತುರ್ತು ಚಿಕಿತ್ಸೆಯಲ್ಲಿ ವಿಮಾ ಜಾಲದ, ಅಂದರೆ ನಿಮ್ಮ ವಿಮಾ ಕಂಪನಿಯೊಂದಿಗೆ ಒಪ್ಪಂದವಿರುವ ವೈದ್ಯರು ಮತ್ತು ಆಸ್ಪತ್ರೆಗಳ ಗುಂಪಿನ, ಹೊರಗಿನವರು ಹೆಚ್ಚುವರಿ ಬಾಕಿಯನ್ನು ನಿಮ್ಮ ಮೇಲೆ ಹೇರದಂತೆ ಅದು ತಡೆಯುತ್ತದೆ, ನಿಜ. ಆದರೆ ನಿಮ್ಮ ಪಾಲಿನ ಡಿಡಕ್ಟಿಬಲ್ (ವಿಮೆ ಕೊಡತೊಡಗುವ ಮುನ್ನ ವರ್ಷಕ್ಕೆ ಇಷ್ಟೆಂದು ನೀವೇ ಭರಿಸಬೇಕಾದ ಮೊತ್ತ) ಮತ್ತು ತುರ್ತು ವಿಭಾಗದ ದುಬಾರಿ ದರ ಹಾಗೆಯೇ ಉಳಿಯುತ್ತವೆ. ಸಾಮಾನ್ಯ ಅರ್ಜೆಂಟ್ ಕೇರ್ ಆ ಕಾನೂನಿನ ರಕ್ಷಣೆಯೊಳಗೆ ಬರುವುದಿಲ್ಲವಾದ್ದರಿಂದ, ಅದು ನಿಮ್ಮ ವಿಮೆಯ ಜಾಲದಲ್ಲಿದೆಯೇ ಎಂದು ಹೊರಡುವ ಮುನ್ನವೇ ವಿಮೆಯ ಆ್ಯಪಿನಲ್ಲಿ ನೋಡಿಕೊಳ್ಳಿ.

ಗುರುತಿಸುವುದು ಹೀಗೆ. ಫಲಕದಲ್ಲಿ ಎಮರ್ಜೆನ್ಸಿ ಅಥವಾ ಇಆರ್ ಎಂದಿದ್ದು, ಇಪ್ಪತ್ನಾಲ್ಕು ಗಂಟೆಯೂ ತೆರೆದಿದ್ದರೆ ಬೆರಳಿನ ಸಣ್ಣ ಪೆಟ್ಟಿಗೆ ಅಲ್ಲಿ ಕಾಲಿಡಬೇಡಿ. ಅರ್ಜೆಂಟ್ ಕೇರ್‌ಗಳು ಬಹುಮಟ್ಟಿಗೆ ರಾತ್ರಿ ಮುಚ್ಚುತ್ತವೆ. ಎಲ್ಲದರಲ್ಲೂ ಎಕ್ಸ್-ರೇ ಇರುವುದಿಲ್ಲ, ಫೋನು ಮಾಡಿ ಕೇಳಿ. ಮಧ್ಯರಾತ್ರಿ ಗೊಂದಲವಾದರೆ ವಿಮಾ ಕಾರ್ಡಿನ ಹಿಂಬದಿ ನೋಡಿ. ಹಲವು ಕಾರ್ಡುಗಳಲ್ಲಿ ನರ್ಸ್ ಲೈನ್, ಅಂದರೆ ಫೋನಿನಲ್ಲೇ ನರ್ಸ್ ಸಲಹೆ ಕೊಡುವ ನಂಬರಿರುತ್ತದೆ, ಇದಕ್ಕೆ ದುಡ್ಡಿಲ್ಲ. ಆದರೂ ಹೊಸಬರು ಇದನ್ನು ಬಳಸುವುದು ಕಡಿಮೆ.

ಇಲ್ಲಿಯವರೆಗೆ ಹೇಳಿದ ಕಾಯುವ ಮಾತೆಲ್ಲ ಆರೋಗ್ಯವಂತ ಯುವಕರಿಗೆ. ಊರಿನಿಂದ ಬಂದ ತಂದೆತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ದಯವಿಟ್ಟು ಒಂದು ದಿನವೂ ಕಾಯಬೇಡಿ. ಸಕ್ಕರೆಯಿಂದ ಪಾದದ ನರಗಳು ಸೋತಿದ್ದರೆ ನೋವೇ ತಿಳಿಯುವುದಿಲ್ಲ. ಇಳಕಲ್ಲಿನಿಂದ ಬಂದಿದ್ದ ತಾಯಿಯೊಬ್ಬರು ಬೇಸಿಗೆಯಲ್ಲಿ ಹಿತ್ತಲಿನ ಕಾದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಡೆದು ಬೆರಳಿಗೆ ಬೊಬ್ಬೆ ಬರಿಸಿಕೊಂಡರು. ನೋಯುತ್ತಿಲ್ಲವೆಂದು ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರು. ಮಗಳು ನೋಡುವ ವೇಳೆಗೆ ಬೆರಳು ಕಪ್ಪಾಗತೊಡಗಿತ್ತು, ಸೋಂಕು ಎಲುಬಿಗಿಳಿದಿತ್ತು. ಪ್ರವಾಸಿ ವಿಮೆಯವರು ಇದು ಮೊದಲೇ ಇದ್ದ ಕಾಯಿಲೆಯ ಪರಿಣಾಮವೆಂದು ಕೈ ಚೆಲ್ಲಿದರು.

ಆದ್ದರಿಂದ ತಂದೆತಾಯಿಗೆ ಟಿಕೆಟ್ ತೆಗೆಯುವಾಗಲೇ ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆಯ ಬಗ್ಗೆ ಏನು ಬರೆದಿದೆ ಎಂಬುದನ್ನು ಪೂರ್ತಿ ಓದಿ. ಚಿಕಿತ್ಸೆಯ ಒಂದೊಂದು ಬಾಬ್ತಿಗೆ ಇಂತಿಷ್ಟೇ ಎಂದು ಮಿತಿ ಕಟ್ಟಿರುವ ಅಗ್ಗದ ಪಾಲಿಸಿ ಇಲ್ಲಿನ ಬಿಲ್ಲಿನ ಮುಂದೆ ನಿಲ್ಲುವುದಿಲ್ಲ. ಹೊರಡುವ ಮೊದಲು ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಅವರ ವೈದ್ಯರಿಂದ ಪಾದದ ತಪಾಸಣೆ ಮಾಡಿಸಿ, ಔಷಧಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಲು ಹೇಳಿ. ಮನೆಯೊಳಗೆ ಹಾಕಿಕೊಳ್ಳಲೊಂದು ಜೊತೆ ಮೆತ್ತನೆಯ ಚಪ್ಪಲಿಯನ್ನು ಅವರ ಪೆಟ್ಟಿಗೆಯಲ್ಲೇ ಇರಿಸಿ. ಇಲ್ಲಿ ಎಕ್ಸ್-ರೇ ತೆಗೆಸಿದರೆ ಅದರ ಪ್ರತಿಯನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಊರಿಗೆ ಮರಳಿದ ಮೇಲೆ ಅಲ್ಲಿನ ಎಲುಬಿನ ಡಾಕ್ಟರು ಮೊದಲು ಕೇಳುವುದು ಅದನ್ನೇ.